ಅರಕಲಗೂಡಿನ ಕಡೆ ಕಾಣೆಯಾದ ಎಂಟು

ಕಣ್ಣಿಗೆ ಕಾಣದ ಗೀಟು ಎಳೆದು ಇಪ್ಪತ್ತೊಂಬತ್ತು ವರ್ಷ ಸಂಬಳ ತೆಗೆದುಕೊಂಡವಳು ನಾನು. ಕೇಳಿದವರು ನಗುತ್ತಾರೆ. ಜಿನನಾಥಪುರದ ನಮ್ಮ ಸೋದರತ್ತೆಯಂತೂ, "ಅಲ್ಲ ಕಣೆ ಪದ್ಮಾ, ಕಾಣದೇ ಇರೋದನ್ನ ಬರೆದರೆ ನೀನು ಸರಿಯಾಗಿ ಬರೆದಿದ್ದೀಯ ಅಂತ ಅವರಿಗೆ ಹೆಂಗೆ ಗೊತ್ತಾಗುತ್ತೆ?" ಎಂದು ಕಂಡಾಗಲೆಲ್ಲ ಕೇಳುತ್ತಿದ್ದರು. "ತಪ್ಪು ಬರೆದರೆ ಗೊತ್ತಾಗುತ್ತೆ ಅತ್ತೆ" ಎನ್ನುತ್ತಿದ್ದೆ. ತಮಾಷೆಗೆ ಹೇಳಿದ ಮಾತಲ್ಲ, ನಮ್ಮ ಕಸುಬು ಇರುವುದೇ ಹಾಗೆ.

ಹಾಸನದ ಕೈಗಾರಿಕಾ ಪ್ರದೇಶದ ನಮ್ಮ ಕಾರ್ಖಾನೆಯಲ್ಲಿ ಎಲ್‌ಸಿಡಿ ಗಾಜು ತಯಾರಾಗುತ್ತಿತ್ತು. ಟಿವಿಯ ದೊಡ್ಡ ಪರದೆಯಲ್ಲ. ಕರೆಂಟ್ ಮೀಟರು, ತಕ್ಕಡಿ, ಗಡಿಯಾರ ಇವುಗಳಲ್ಲಿ ಬೂದು ಬಣ್ಣದ ಮೇಲೆ ಕಪ್ಪಗೆ ಅಂಕಿ ಮೂಡುತ್ತದಲ್ಲ, ಆ ಗಾಜು. ಮೊನ್ನೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದು, "ಮೇಡಂ, ಎಲೆಕ್ಟ್ರೋಡ್ ಡಿಸೈನ್ ಬಗ್ಗೆ ನಿಮ್ಮ ಅನುಭವ ಬರೆದುಕೊಡಿ" ಎಂದು ಗಂಟುಬಿದ್ದರು. ಕಾಫಿ ಕೊಟ್ಟು ಸಾಗಹಾಕೋಣ ಎಂದುಕೊಂಡೆ, ಎರಡು ಲೋಟ ಕುಡಿದರೂ ಏಳಲಿಲ್ಲ. ಆಯಿತಮ್ಮ, ಬರೆಯುತ್ತೇನೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂಬುದು ಸರ್ವಿಸ್ ಪುಸ್ತಕದಲ್ಲಿದೆ, ಅದರಿಂದ ನಿಮಗೇನೂ ಪ್ರಯೋಜನವಿಲ್ಲ. ನನ್ನ ಎಡವಟ್ಟುಗಳನ್ನು ಬರೆಯುತ್ತೇನೆ. ಅದರಲ್ಲೂ ಒಂದು ಎಡವಟ್ಟಿನಿಂದ, ನಾನು ಅಲ್ಲಿಯವರೆಗೆ ಮುಖವನ್ನೇ ಕಾಣದಿದ್ದ ಒಬ್ಬ ಹೆಂಗಸಿನ ಮಾನ ಊರ ಮುಂದೆ ಹೋಗುವುದರಲ್ಲಿತ್ತು.

ಗೊತ್ತಿಲ್ಲದವರಿಗಾಗಿ ಮೊದಲು ಕೆಲಸ ಏನೆಂದು ಹೇಳಿಬಿಡುತ್ತೇನೆ. ಎರಡು ತೆಳು ಗಾಜು. ಎರಡರ ಒಳಮೈಗೂ ಕರೆಂಟ್ ಹರಿಯುವಂಥ ಒಂದು ಪದರ ಬಳಿದಿರುತ್ತದೆ, ಆದರೆ ಅದು ಗಾಜಿನಷ್ಟೇ ಪಾರದರ್ಶಕ. ಬೇಕಾದ ಆಕಾರವನ್ನು ಮಾತ್ರ ಉಳಿಸಿ ಮಿಕ್ಕಿದ್ದನ್ನು ಆಸಿಡ್ಡಿನಲ್ಲಿ ಕರಗಿಸಿ ತೆಗೆಯುತ್ತೇವೆ. ಉಳಿದದ್ದೇ ಎಲೆಕ್ಟ್ರೋಡು. ಅದರ ಮೇಲೆ ಇನ್ನೊಂದು ತೆಳು ಪದರ ಹಾಕಿ, ಮಖಮಲ್ಲು ಸುತ್ತಿದ ಉರುಳೆಯಿಂದ ಒಂದೇ ದಿಕ್ಕಿಗೆ ಉಜ್ಜುತ್ತೇವೆ. ಎರಡು ಗಾಜಿನ ನಡುವೆ ತುಂಬುವ ದ್ರವಸ್ಫಟಿಕ, ತಲೆ ಬಾಚಿದ ಕೂದಲಿನ ಹಾಗೆ, ಉಜ್ಜಿದ ದಿಕ್ಕಿಗೇ ಮಲಗುತ್ತದೆ. ಕರೆಂಟ್ ಕೊಟ್ಟರೆ ಎದ್ದು ನಿಲ್ಲುತ್ತದೆ. ಎದ್ದ ಕಡೆ ನಮಗೆ ಕಪ್ಪಾಗಿ ಕಾಣುತ್ತದೆ. ಅಂಕಿಯೆಂದರೆ ಏಳು ಕಡ್ಡಿ, ಏಳೂ ಕಪ್ಪಾದರೆ ಎಂಟು. ಒಂದೊಂದು ಕಡ್ಡಿಗೂ ಗಾಜಿನ ಅಂಚಿನಿಂದ ಕರೆಂಟ್ ತರುವ ಒಂದೊಂದು ಗೀಟು. ಆ ಕಡ್ಡಿ, ಆ ಗೀಟು, ಅದರ ದಪ್ಪ, ಅದರ ದಾರಿ ಇವನ್ನು ಬರೆಯುವುದು ನನ್ನ ಕೆಲಸ.

ನನಗೆ ಇದನ್ನು ಕಲಿಸಿದವರು ನಂಜುಂಡಯ್ಯನವರು. ದಿನಾ ಬೆಳಿಗ್ಗೆ ಹೊಳೆನರಸೀಪುರದಿಂದ ರೈಲಿನಲ್ಲಿ ಬರುತ್ತಿದ್ದರು, ತಿಂಡಿ ಡಬ್ಬಿಯನ್ನು ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು ಮುಗಿಸಿಯೇ ಒಳಗೆ ಕಾಲಿಡುತ್ತಿದ್ದರು. ನನ್ನ ಇಂಟರ್‌ವ್ಯೂನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಮನೆ ಮುಂದೆ ರಂಗೋಲಿ ಹಾಕ್ತೀಯೇನಮ್ಮಾ?" ಹಾಕುತ್ತೇನೆ ಎಂದೆ. "ಎಳೆ ತಪ್ಪಿದರೆ ಏನು ಮಾಡ್ತೀಯ?" ಎಂದರು. "ತಪ್ಪಲ್ಲ ಸಾರ್" ಎಂದೆ. ಅವರು ಪಕ್ಕದಲ್ಲಿದ್ದ ಸಾಹೇಬರನ್ನು ನೋಡಿ, "ಅಹಂಕಾರ ಜಾಸ್ತಿ, ಕೈ ಚೆನ್ನಾಗಿರಬಹುದು, ತಗೊಳ್ಳೋಣ" ಎಂದರು. ನನ್ನೆದುರಿಗೇ!

ಆ ಕಾಲದಲ್ಲಿ ಕಂಪ್ಯೂಟರ್ ಇಲ್ಲ. ದೊಡ್ಡ ಮೇಜಿನ ಮೇಲೆ ಕೆಂಪು ಫಿಲ್ಮು ಹರಡಿಕೊಂಡು, ಅಂಗೈಯಷ್ಟು ಗಾಜಿನ ಚಿತ್ರವನ್ನು ಮಂಚದಷ್ಟು ದೊಡ್ಡದಾಗಿ ಬ್ಲೇಡಿನಿಂದ ಕತ್ತರಿಸಬೇಕು. ಆಮೇಲೆ ಅದರ ಫೋಟೋ ತೆಗೆದು ಚಿಕ್ಕದು ಮಾಡುತ್ತಿದ್ದರು. ಸೇರಿದ ಮೊದಲ ವರ್ಷವೇ ಗಡಿಯಾರದ ಗಾಜೊಂದನ್ನು ಬರೆದೆ. ಗಾಜಿಗೆ ಎರಡು ಮುಖ, ಯಾವ ಮುಖದಿಂದ ನೋಡುತ್ತಾರೆ ಎಂದು ಯೋಚಿಸಿ ಬರೆಯಬೇಕು. ನಾನು ಯೋಚಿಸಲಿಲ್ಲ. ಮುನ್ನೂರು ಗಾಜು ಸಿದ್ಧವಾಗಿ ಕರೆಂಟ್ ಕೊಟ್ಟಾಗ ಅಂಕಿಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವು. ನಂಜುಂಡಯ್ಯನವರು ಒಂದು ಗಾಜು ಎತ್ತಿ ಹಿಂದೆ ಮುಂದೆ ನೋಡಿ, "ಚನ್ನರಾಯಪಟ್ಟಣದ ಸಲೂನುಗಳಿಗೆ ಮಾರಿಬಿಡೋಣ. ಗಿರಾಕಿ ಕನ್ನಡೀಲಿ ನೋಡಿದ್ರೆ ಟೈಮು ಕರೆಕ್ಟಾಗಿ ಕಾಣುತ್ತೆ" ಎಂದರು. ಇಡೀ ಕಾರ್ಖಾನೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಚನ್ನರಾಯಪಟ್ಟಣದವಳೇ ಆದ ನನ್ನ ಗೆಳತಿ ರತ್ನ, ಮಖಮಲ್ಲಿನ ಉರುಳೆಯ ಯಂತ್ರ ನಡೆಸುತ್ತಿದ್ದವಳು, ಆಮೇಲೆ ಎಷ್ಟೋ ವರ್ಷ ಟೈಮು ಕೇಳಿದರೆ "ತಡಿ ಪದ್ಮಕ್ಕ, ಕನ್ನಡಿ ತತ್ತೀನಿ" ಎನ್ನುತ್ತಿದ್ದಳು. ಪಾಪಿ.

ಬೈಯಬೇಕಾದಲ್ಲಿ ನಗುತ್ತಿದ್ದ ನಂಜುಂಡಯ್ಯನವರು ಒಂದೇ ವಿಷಯಕ್ಕೆ ಮಾತ್ರ ನಿಜವಾಗಿ ರೇಗುತ್ತಿದ್ದರು. ಕಂಪ್ಯೂಟರ್ ಬಂದ ಮೇಲೆ ನಡೆದದ್ದು ಅದು. ಬ್ಲೇಡಿನಲ್ಲಿ ಕತ್ತರಿಸುವಾಗ ಗೀಟು ಇಷ್ಟಕ್ಕಿಂತ ಸಣ್ಣ ಬರುತ್ತಿರಲಿಲ್ಲ, ಫಿಲ್ಮು ಹರಿದುಹೋಗುತ್ತಿತ್ತು. ಕಂಪ್ಯೂಟರಿಗೆ ಏನು, ಕೇಳಿದಷ್ಟು ಸಣ್ಣ ಕೊಡುತ್ತದೆ. ಒಂದು ಮೌಸು ಒತ್ತಿದರೆ ಕೂದಲೆಳೆ. ನನಗೆ ಹುಚ್ಚೇ ಹಿಡಿಯಿತು. ಅದೇ ಸಮಯಕ್ಕೆ ಹಾಲಿನಲ್ಲಿ ಕೊಬ್ಬು ಎಷ್ಟಿದೆ ಎಂದು ತೋರಿಸುವ ಯಂತ್ರಕ್ಕೆ ಗಾಜು ಬೇಕೆಂದು ಒಂದು ಯಂತ್ರ ತಯಾರಿಸುವವರಿಂದ ಆರ್ಡರ್ ಬಂತು. ಹಳ್ಳಿಯ ಡೈರಿಗಳಲ್ಲಿ ಇಡುವ ಯಂತ್ರ. ಗಾಜಿನಲ್ಲಿ ಜಾಗ ಕಡಿಮೆ, ಅಂಕಿ ದೊಡ್ಡದಿರಬೇಕು. ಅಂಕಿಯ ನಡುವಿನ ಅಡ್ಡಕಡ್ಡಿಗೆ ಹೋಗುವ ಗೀಟನ್ನು ಬೇರೆ ಎರಡು ಕಡ್ಡಿಗಳ ಸಂದಿಯಲ್ಲಿ ನುಗ್ಗಿಸಬೇಕಿತ್ತು. ದಪ್ಪ ಇಟ್ಟರೆ ಹಿಂದಿನ ಗಾಜಿನ ಎಲೆಕ್ಟ್ರೋಡಿಗೆ ಎದುರಾಗಿ ಅಂಕಿಗೆ ಬಾಲ ಬಂದ ಹಾಗೆ ನೆರಳು ಬೀಳುತ್ತದೆ. ನಾನು ಕೂದಲೆಳೆ ಎಳೆದು, ಸಂದಿಯಲ್ಲಿ ನುಸುಳಿಸಿ, ಗಾಜಿನ ಮೇಲಂಚಿನವರೆಗೂ ಅಷ್ಟೇ ಸಣ್ಣ ಒಯ್ದೆ. ನೋಡಲು ಏನು ಚೆಂದ!

"ಸಂದಿಯಲ್ಲಿ ಸಣ್ಣ ಇರಲಿ, ಸಂದಿ ದಾಟಿದ ಮೇಲೆ ದಪ್ಪ ಮಾಡಮ್ಮ" ಎಂದರು ನಂಜುಂಡಯ್ಯನವರು.

"ಯಾಕೆ ಸಾರ್, ಟೆಸ್ಟಿನಲ್ಲಿ ಪಾಸಾಗಿದೆಯಲ್ಲ?"

"ಕಂಪ್ಯೂಟರ್ ಕೊಡುತ್ತೆ ಅಂತ ಎಲ್ಲಾ ಈಸ್ಕೋಬೇಡ" ಎಂದು ರೇಗಿದರು. ನಾನು ಸೊಟ್ಟ ಮುಖ ಮಾಡಿಕೊಂಡೆ. ಗಾಜು ಎಲ್ಲ ಪರೀಕ್ಷೆಯಲ್ಲೂ ಪಾಸಾಗಿತ್ತು, ಆರ್ಡರಿಗೆ ಅವಸರವಿತ್ತು. ಅವರು ಸಹಿ ಹಾಕಿಬಿಟ್ಟರು.

ಒಂದು ವರ್ಷವೂ ಕಳೆದಿರಲಿಲ್ಲ. ಯಂತ್ರದವರು ಆರೇಳು ಗಾಜು ವಾಪಸು ಕಳಿಸಿದರು. ಎಲ್ಲದರಲ್ಲೂ ಒಂದೇ ಕಾಯಿಲೆ. ಕೊನೆಯ ಅಂಕಿಯ ಅಡ್ಡಕಡ್ಡಿ ಸತ್ತಿದೆ. ನನ್ನ ಕೂದಲೆಳೆ! ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದೆವು. ಮೇಲಂಚಿನಲ್ಲಿ ಕೆಳಗಿನ ಗಾಜು ಮೇಲಿನದಕ್ಕಿಂತ ಸ್ವಲ್ಪ ಮುಂದಕ್ಕೆ ಚಾಚಿರುತ್ತದೆ, ನಾವು ಅದನ್ನು ಜಗಲಿ ಎನ್ನುತ್ತಿದ್ದೆವು. ಗೀಟುಗಳೆಲ್ಲ ಅಲ್ಲಿ ಬರಿಮೈಯಲ್ಲಿ ಮುಗಿಯುತ್ತವೆ, ಅವುಗಳ ಮೇಲೆ ರಬ್ಬರ್ ಪಟ್ಟಿಯೊಂದು ಒತ್ತಿ ಕೂತು ಕರೆಂಟ್ ಕೊಡುತ್ತದೆ. ಆ ಜಗಲಿಯ ಮೇಲೆ ನನ್ನ ಗೀಟನ್ನು ಏನೋ ತಿಂದುಹಾಕಿತ್ತು. ಅಲ್ಲೊಂದು ಕೆಂಪು ಕಲೆ. ಕಾರ್ಖಾನೆಯಲ್ಲಿ ಬಿಸಿ ಮಾಡಿದೆವು, ತಣ್ಣಗೆ ಮಾಡಿದೆವು, ಆವಿಯಲ್ಲಿಟ್ಟೆವು. ಏನು ಮಾಡಿದರೂ ಹೊಸ ಗಾಜುಗಳಲ್ಲಿ ಆ ಕಾಯಿಲೆ ಬರಲಿಲ್ಲ.

"ಹತ್ತಿರದಲ್ಲಿ ಎಲ್ಲಿ ಯಂತ್ರ ಇದೆಯೋ ಹೋಗಿ ನೋಡ್ಕೊಂಡು ಬಾ" ಎಂದರು ನಂಜುಂಡಯ್ಯನವರು. "ನೋಡು ಅಷ್ಟೆ. ಅಲ್ಲಿ ಬಾಯಿ ಬಿಡಬೇಡ. ಏನೇ ಇದ್ರೂ ಮೊದಲು ಯಂತ್ರದವರಿಗೆ ನಾವು ಹೇಳ್ಬೇಕು."

ಅರಕಲಗೂಡಿನ ಆಚೆಗೆ ಒಂದು ಊರು. ಹೆಸರು ಬರೆಯುವುದಿಲ್ಲ, ಆ ಊರಿನವರಿಗೆ ನಾನು ಆಗಲೇ ಕೊಟ್ಟ ತೊಂದರೆ ಸಾಕು. ಹಿಂದಿನ ಸಂಜೆಯೇ ಅರಕಲಗೂಡಿನಲ್ಲಿದ್ದ ನಮ್ಮ ನೆಂಟರ ಮನೆಯಲ್ಲಿ ಉಳಿದು, ಬೆಳಿಗ್ಗೆ ಮೊದಲ ಬಸ್ಸಿಗೆ ಹೋಗಿ ಇಳಿದೆ. ಶುಕ್ರವಾರ. ಡೈರಿಯ ಕಾರ್ಯದರ್ಶಿ ಜವರೇಗೌಡರು ಆಗತಾನೇ ಸ್ನಾನ ಮಾಡಿ ಬಂದಿದ್ದರು. ಯಂತ್ರ ನೋಡಲು ಬಂದವಳು ಎಂದಾಗ ಖುಷಿಪಟ್ಟು ಸ್ಟೂಲು ಕೊಟ್ಟರು. "ಕೂತ್ಕಳಿ ಅಮ್ಮಾ, ಪೂಜೆ ಮುಗಿಸ್ಬುಡ್ತೀನಿ" ಎಂದು ಯಂತ್ರಕ್ಕೆ ತಿರುಗಿದರು. ಒದ್ದೆ ಬಟ್ಟೆಯಿಂದ ಒರೆಸಿದರು. ವಿಭೂತಿಯನ್ನು ನೀರಿನಲ್ಲಿ ಕಲಸಿ ಮೂರು ಬೆರಳಿನಿಂದ ಗಾಜಿನ ಮೇಲಂಚಿಗೆ ಸರಿಯಾಗಿ ಪಟ್ಟೆ ಎಳೆದರು. ನಡುವೆ ಒದ್ದೆ ಕುಂಕುಮ, ಧಾರಾಳವಾಗಿ. ಒಂದು ಕೆಂಪು ಹನಿ ಮೆಲ್ಲಗೆ ಜಾರಿ ಗಾಜಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ ಇಳಿದುಹೋಯಿತು.

ನನಗೆ ಸ್ಟೂಲಿನ ಮೇಲೆ ಕೂರಲಾಗಲಿಲ್ಲ. ಅಯ್ಯೋ ಪದ್ಮಾ! ಬೂದಿ, ಕುಂಕುಮದೊಳಗಿನ ಅರಿಸಿನ, ಸುಣ್ಣ, ನೀರು, ಅದರ ಮೇಲೆ ಕರೆಂಟು. ಇವು ಐದೂ ಸೇರಿದರೆ ಆ ಪದರ ಉಳಿದೀತೇ? ಯಂತ್ರಕ್ಕೆ ಹಣೆ ಅಂತ ಎಲ್ಲರೂ ಗುರುತಿಸುವ ಜಾಗಕ್ಕೇ ನಾನು ನನ್ನ ಅತಿ ಸಣ್ಣ ಗೀಟನ್ನು ತಂದು ಬಿಟ್ಟಿದ್ದೆ. ದಪ್ಪ ಗೀಟುಗಳು ಅಷ್ಟು ದಿನ ತಡೆದುಕೊಂಡಿದ್ದವು, ಕೂದಲೆಳೆ ಮೊದಲು ಹೋಗಿತ್ತು. ನಮ್ಮ ಮನೆಯ ಗ್ರೈಂಡರಿಗೆ, ಸ್ಕೂಟರಿಗೆ ಆಯುಧಪೂಜೆಯ ದಿನ ಕುಂಕುಮ ಇಡುವವಳು ನಾನೇ. ಗಾಜು ಬರೆಯುವಾಗ ಮಾತ್ರ ಅದು ನೆನಪಾಗಲಿಲ್ಲ.

ಅಷ್ಟರಲ್ಲಿ ಹಾಲು ತಂದ ಹೆಂಗಸರು ಸಾಲಾಗಿ ನಿಂತರು. ಜವರೇಗೌಡರು ಒಬ್ಬೊಬ್ಬರ ಹಾಲು ಯಂತ್ರಕ್ಕೆ ಕೊಟ್ಟು, ಎಲ್ಲರಿಗೂ ಕೇಳುವ ಹಾಗೆ ಕೂಗಿ ಹೇಳಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಅಂಕಿಗಳು ನನ್ನ ಕಣ್ಣಿಗೆ ಮುರಿದು ಬಿದ್ದ ಬೇಲಿಯ ಹಾಗೆ ಕಾಣುತ್ತಿದ್ದವು, ಆದರೂ ಅವರು ಸರಾಗವಾಗಿ ಓದುತ್ತಿದ್ದರು.

"ಅಲ್ಲ ಗೌಡ್ರೆ, ಅಂಕಿ ಹೀಗಿದ್ರೂ ನೀವು ಕಂಪ್ಲೇಂಟ್ ಕೊಟ್ಟಿಲ್ವಾ?" ಎಂದೆ.

"ಒಂದು ಅಲ್ಲು ಉದ್ರೋದ್ರೆ ಮಾತು ಅರ್ಥ ಆಗಕಿಲ್ವಾ ಅಮ್ಮಾ? ಎಲ್ಲಾ ಓದಕ್ಕೆ ಕಲ್ತ್‌ಕಂಡಿವ್ನಿ" ಎಂದು ಹೆಮ್ಮೆಯಿಂದ ನಕ್ಕರು.

ಆಮೇಲೆ ನಿಂಗಮ್ಮ ಎಂಬವರು ಮುಂದೆ ಬಂದರು. ಐವತ್ತು ದಾಟಿದವರು, ಗಟ್ಟಿ ಆಳು, ಒಂದೇ ಹಸುವಿನ ಹಾಲು. ಅವರು ಬಂದೊಡನೆ ಸಾಲಿನಲ್ಲಿ ಗುಸುಗುಸು. ಜವರೇಗೌಡರು ಗಾಜು ನೋಡಿ, "ನಿಂಗಮ್ಮ, ಮೂರು ಪಾಯಿಂಟು ಸೊನ್ನೆ" ಎಂದು ಕೂಗಿದರು. "ಮೂರೂವರೆಗಿಂತ ಕಮ್ಮಿ ತಗಳಂಗಿಲ್ಲ. ಇವತ್ತೂ ನೀರು ಬೆರ್ಸಿದ್ದೀಯ ಕಣಮ್ಮ."

"ನೀರು ಬೆರ್ಸಿದ್ರೆ ನನ್ ಕೈ ಬಿದ್ದೋಗ್ಲಿ" ಎಂದರು ನಿಂಗಮ್ಮ. ದನಿಯಲ್ಲಿ ನಡುಕವಿರಲಿಲ್ಲ. "ಮುಂದ್ಲು ಶುಕ್ರವಾರ ಎಲ್ರ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡು ಅಂದಿದ್ದೀರಲ್ಲ. ಮಾಡ್ತೀನಿ."

ಪಕ್ಕದಲ್ಲಿದ್ದ ಹೆಂಗಸು ನನಗೆ ಬಿಡಿಸಿ ಹೇಳಿದಳು. ಎರಡು ತಿಂಗಳಿಂದ ನಿಂಗಮ್ಮನ ಹಾಲು ಒಂದು ದಿನ ಮೂರು ಪಾಯಿಂಟು ಏಳು, ಒಂದು ದಿನ ಒಂಬತ್ತು, ಮಧ್ಯೆ ಮಧ್ಯೆ ಇದ್ದಕ್ಕಿದ್ದಂತೆ ಸೊನ್ನೆ. ಸೊನ್ನೆ ಬಂದ ದಿನ ನೀರು ಬೆರೆಸುತ್ತಾಳೆ ಎಂದು ಊರೆಲ್ಲ ಮಾತು. ಆಣೆ ಮಾಡಿದ ಮೇಲೂ ಸೊನ್ನೆ ಬಂದರೆ ಸುಳ್ಳು ಆಣೆ ಮಾಡಿದವಳು ಎಂಬ ಹೆಸರು ಬೇರೆ. ಆಮೇಲೆ ಅವಳ ಕೈಯಿಂದ ಅರಿಸಿನ ಕುಂಕುಮ ಯಾರು ತೆಗೆದುಕೊಳ್ಳುತ್ತಾರೆ?

ಪುಸ್ತಕ ಈಸಿಕೊಂಡು ಹಿಂದಿನ ಹಾಳೆಗಳನ್ನು ತಿರುವಿದೆ. ಎರಡು ತಿಂಗಳಲ್ಲಿ ಒಬ್ಬರ ಹೆಸರಿನ ಮುಂದೆಯೂ ಕೊನೆಯ ಅಂಕಿ ಎಂಟು ಇಲ್ಲ. ಏಳಿದೆ, ಒಂಬತ್ತಿದೆ, ಎಂಟಿಲ್ಲ. ಅಡ್ಡಕಡ್ಡಿ ಇರಬೇಕಾದ ಮಿಕ್ಕ ಅಂಕಿಗಳು ಅದು ಹೋದರೆ ಮುರಿದ ಹಾಗೆ ಕಾಣುತ್ತವೆ, ಗೌಡರು ಊಹಿಸಿ ಓದುತ್ತಾರೆ. ಎಂಟು ಮಾತ್ರ ಮುರಿದ ಹಾಗೆ ಕಾಣುವುದೇ ಇಲ್ಲ. ನಡುವಿನ ಕಡ್ಡಿ ಹೋದರೆ ಎಂಟು ಅಚ್ಚುಕಟ್ಟಾದ ಸೊನ್ನೆ. ಬೇರೆಯವರಿಗೆ ಎಂದೋ ಒಂದು ದಿನ ಸೊನ್ನೆ ಬಂದರೆ ತಪ್ಪು ಮೇವಿನ ಮೇಲೆ ಹೋಗುತ್ತಿತ್ತು. ನಿಂಗಮ್ಮನ ಹಸು ನಿಯತ್ತಾಗಿ ವಾರಕ್ಕೆ ನಾಲ್ಕು ದಿನ ಮೂರು ಪಾಯಿಂಟು ಎಂಟು ಕೊಡುತ್ತಿತ್ತು, ಅದೇ ಅವರಿಗೆ ಮುಳುವಾಗಿತ್ತು.

ಅಲ್ಲೇ ಎದ್ದು ನಿಂತು ಹೇಳಬೇಕಾಗಿತ್ತು. ಹೇಳಲಿಲ್ಲ. ಬಾಯಿ ಬಿಡಬೇಡ ಎಂಬ ಅಪ್ಪಣೆ ಒಂದು ನೆಪ, ನಿಜ ಹೇಳಬೇಕೆಂದರೆ ನನಗೆ ಭಯವಾಯಿತು. ಹಾಲಿನ ಕ್ಯಾನು ಎತ್ತಿಕೊಂಡು ಹೊರಟ ನಿಂಗಮ್ಮನ ಹಿಂದೆ ಓಡಿದೆ. "ಅಕ್ಕ, ನಿಮ್ಮ ಹಾಲು ಸರಿಯಾಗಿದೆ. ನೀವು ನೀರು ಬೆರೆಸಿಲ್ಲ. ಒಂದು ವಾರ ತಡ್ಕೊಳ್ಳಿ" ಎಂದೆ.

ಅವರು ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಂಗೊತ್ತಿರೋದ್ನ ನಂಗೇ ಯೋಳಕ್ಕೆ ಆಸನದಿಂದ ಬಂದ್ಯಾ ತಾಯಿ? ಅವ್ರಿಗೇಳು" ಎಂದು ಹೊರಟುಹೋದರು.

ಹಾಸನಕ್ಕೆ ಬರುವವರೆಗೂ ಬಸ್ಸಿನಲ್ಲಿ ನನಗೆ ನಾನೇ ಬೈದುಕೊಂಡೆ. ಸೀದಾ ನಂಜುಂಡಯ್ಯನವರ ಮೇಜಿನ ಮುಂದೆ ನಿಂತು ಎಲ್ಲ ಹೇಳಿದೆ. ಅಳುವೂ ಬಂತು. ಅವರು ಬೈಯಲಿಲ್ಲ. "ಸ್ಟೋರಿನಲ್ಲಿರೋ ಗಾಜು ಒಯ್ದು ಹಾಕಿದ್ರೆ ಶುಕ್ರವಾರಕ್ಕೇನೋ ಎಂಟು ಬರುತ್ತೆ. ಆಮೇಲೆ ಮತ್ತೆ ಪೂಜೆ, ಮತ್ತೆ ಸೊನ್ನೆ. ಹೊಸದು ಬರೆಯೋಕೆ ಎಷ್ಟು ದಿನ ಬೇಕು?" ಎಂದರು.

"ಮೂರು ವಾರ ಸಾರ್."

"ಮೂರು ವಾರ ಕರ್ಪೂರ ಕಾಯುತ್ತೇನಮ್ಮಾ? ಹೋಗು, ಕೂತ್ಕೋ."

"ಪೂಜೆ ಮಾಡಬೇಡಿ ಅಂತ ಒಂದು ಚೀಟಿ ಅಂಟಿಸಿದ್ರೆ?" ಎಂದು ಯಾರೋ ಕೇಳಿದರು. ನಂಜುಂಡಯ್ಯನವರು, "ಯಾಕ್ರೀ? ಪೂಜೆ ಅವರು ಮುಂಚಿನಿಂದ ಮಾಡ್ತಿದ್ದಾರೆ. ಅವರ ಮಧ್ಯಕ್ಕೆ ಹೋಗಿದ್ದು ನಮ್ಮ ಗೀಟು" ಎಂದರು. ಹುಡುಗಿಯರೇ, ನಿಮಗೆ ಹೇಳಬೇಕಾದ ಪಾಠವೆಂದರೆ ಇದೊಂದೇ. ಮಿಕ್ಕಿದ್ದನ್ನು ಕಂಪ್ಯೂಟರ್ ಕಲಿಸುತ್ತದೆ.

ಆ ವಾರವನ್ನು ನೆನೆದರೆ ಇವತ್ತಿಗೂ ಮೈ ಹಗುರಾಗುತ್ತದೆ. ಸಂದಿಯನ್ನು ಬಿಟ್ಟು ಮಿಕ್ಕ ಕಡೆಯೆಲ್ಲ ಗೀಟನ್ನು ದಪ್ಪ ಮಾಡಿದೆ. ಜಗಲಿಯ ಮೇಲಂತೂ ಎರಡು ಪಕ್ಕದ ಗೀಟುಗಳನ್ನು ಸರಿಸಿ ಅದಕ್ಕೆ ಹಾಸಿಗೆಯಷ್ಟು ಜಾಗ ಕೊಟ್ಟೆ. ರಬ್ಬರ್ ಪಟ್ಟಿ ಕೂತ ಮೇಲೆ ಬರಿಮೈ ಉಳಿಯುವ ಕಡೆಗೆಲ್ಲ ನೀರು ಇಳಿಯದ ಪಾರದರ್ಶಕ ಅಂಟು ಬಳಿಯುವುದೆಂದು ಗೊತ್ತುಮಾಡಿದೆವು. ಆಸಿಡ್ ವಿಭಾಗದವರು ಬೇರೆ ಕೆಲಸ ಪಕ್ಕಕ್ಕಿಟ್ಟರು, ರತ್ನ ಊಟಕ್ಕೂ ಏಳದೆ ಉಜ್ಜಿಕೊಟ್ಟಳು. ಆದರೆ ನಿಜವಾದ ಮಜಾ ನಡೆದದ್ದು ಪರೀಕ್ಷೆಯ ಕೋಣೆಯಲ್ಲಿ. ಹಳೆಯ ಗಾಜಿಗೆ ಕರೆಂಟ್ ಕೊಟ್ಟು ಇಟ್ಟು, ರತ್ನ ಮನೆಯಿಂದ ತಟ್ಟೆ ತಂದು ಗಂಟೆಗೊಮ್ಮೆ ವಿಭೂತಿ ಪಟ್ಟೆ ಎಳೆದು ಕುಂಕುಮ ಇಡತೊಡಗಿದಳು. "ಇಷ್ಟು ಪೂಜೆ ನಮ್ಮನೆ ದೇವ್ರಿಗೂ ಮಾಡಿಲ್ಲ ಕಣಕ್ಕ" ಎಂದು ನಗುವಳು. ಮೂರನೆಯ ದಿನ ಮಧ್ಯಾಹ್ನ ನಮ್ಮೆಲ್ಲರ ಕಣ್ಣೆದುರಿಗೇ ಎಂಟರ ಅಡ್ಡಕಡ್ಡಿ ಮಾಸಿ ಮಾಸಿ ಸೊನ್ನೆಯಾಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು! ತಮ್ಮ ಗಾಜು ಕೆಟ್ಟಿತು ಎಂದು ಕುಣಿದ ಕಾರ್ಖಾನೆ ಅದೊಂದೇ ಇರಬೇಕು. ಅಷ್ಟರಲ್ಲಿ ಹೊಸ ಗಾಜು ಸಿದ್ಧವಾಗಿತ್ತು. ಅದಕ್ಕೆ ಅರ್ಧ ಗಂಟೆಗೊಂದರಂತೆ ಪೂಜೆ ಮಾಡಿದೆವು. ಗುರುವಾರ ಸಂಜೆ ಗಾಜಿನ ಮುಖವೆಲ್ಲ ಕೆಂಪಾಗಿದ್ದರೂ ಎಂಟು ಎಂಟಾಗಿಯೇ ಇತ್ತು. ಅಂದಿನಿಂದ ಡೈರಿಗೆ ಹೋಗುವ ಪ್ರತಿ ಹೊಸ ವಿನ್ಯಾಸಕ್ಕೂ ನಮ್ಮಲ್ಲಿ ಪೂಜೆ ಪರೀಕ್ಷೆ ಎಂಬುದೇ ಸೇರಿಕೊಂಡಿತು.

ಯಂತ್ರದವರಿಗೆ ನಂಜುಂಡಯ್ಯನವರೇ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವರ ಕಿವಿ ಕೆಂಪಾದದ್ದನ್ನು ನೋಡಿಯೇ ಆ ಕಡೆಯಿಂದ ಒಳ್ಳೆಯ ಮಂಗಳಾರತಿ ಆಗುತ್ತಿದೆ ಎಂದು ಗೊತ್ತಾಯಿತು. ಫೋನಿಟ್ಟು, "ಹಾಕಿ ಬನ್ನಿ ಅಂದ್ರು. ನಾನೂ ಬರ್ತೀನಿ, ಸಹಿ ನಂದಲ್ವಾ" ಎಂದರು.

ಶುಕ್ರವಾರ ನಾವು ಹೋಗುವಷ್ಟರಲ್ಲಿ ಡೈರಿಯ ಮುಂದೆ ಜನ ಸೇರಿದ್ದರು. ನಿಂಗಮ್ಮ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿನ ತುದಿಗೆ ಗಂಟು ಹಾಕಿ, ಒಂದು ಕೈಯಲ್ಲಿ ಹಾಲಿನ ಕ್ಯಾನು, ಇನ್ನೊಂದು ಕೈಯಲ್ಲಿ ಕರ್ಪೂರದ ಪೊಟ್ಟಣ ಹಿಡಿದು ನಿಂತಿದ್ದರು. ಈ ಸಲ ನಾನು ತಡಮಾಡಲಿಲ್ಲ. ಡೈರಿಯ ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಕಡ್ಡಿ ಕಡ್ಡಿಯಾಗಿ ದೊಡ್ಡ ಎಂಟು ಬರೆದೆ. "ಇದು ಎಷ್ಟು?" ಎಂದೆ. "ಎಂಟು" ಎಂದರು. ನಡುವಿನ ಕಡ್ಡಿಯನ್ನು ಬೆರಳಿನಿಂದ ಒರೆಸಿದೆ. "ಈಗ?"

ಹಿಂದಿನಿಂದ ಒಬ್ಬಳು, "ಅಯ್ಯೋ ಶಿವ್ನೇ, ಸೊನ್ನೆ ಆಗೋಯ್ತಲ್ಲ!" ಎಂದಳು.

"ನಿಂಗಮ್ಮೋರು ನೀರು ಬೆರೆಸಿಲ್ಲ. ಈ ಗಾಜು ಬರೆದೋಳು ನಾನು. ಗೀಟು ಸಣ್ಣ ಎಳೆದೆ, ಅದು ತುಂಡಾಗಿ ಎಂಟೆಲ್ಲ ಸೊನ್ನೆ ಆಯ್ತು. ತಪ್ಪು ನಂದು" ಎಂದೆ. "ನಂದೂ" ಎಂದರು ನಂಜುಂಡಯ್ಯನವರು ನನ್ನ ಹಿಂದಿನಿಂದ.

ಜವರೇಗೌಡರ ಮುಖ ಪೆಚ್ಚಾಗಿತ್ತು. ಅಬ್ಬಾ, ಎಂಥ ಹೊತ್ತು ಅದು! ನಾವು ಯಂತ್ರ ಬಿಚ್ಚಿ, ಹಳೆಯ ಗಾಜು ತೆಗೆದು, ಹೊಸ ಗಾಜು ಕೂರಿಸಿ, ಸ್ಕ್ರೂ ಬಿಗಿಯುವವರೆಗೂ ಅವರು ಸ್ಕ್ರೂಗಳನ್ನು ಅಂಗೈಯಲ್ಲಿ ಹಿಡಿದು ನಿಂತಿದ್ದರು. ನಿಂಗಮ್ಮನ ಹಾಲು ಕೊಟ್ಟರು. ಮೂರು. ಚುಕ್ಕೆ. ಎಂಟು. ಅಡ್ಡಕಡ್ಡಿ ಕಪ್ಪಗೆ, ಗಟ್ಟಿಯಾಗಿ ನಿಂತಿತ್ತು. "ನಿಂಗಮ್ಮ, ಮೂರು ಪಾಯಿಂಟು ಎಂಟು" ಎಂದು ಅವರು ಕೂಗಿದಾಗ ಹೆಂಗಸರು ಹೋ ಎಂದರು. ನನ್ನ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆ ಇಲ್ಲ.

ನಿಂಗಮ್ಮ ಮಾತ್ರ ಕದಲಲಿಲ್ಲ. "ಇದು ಇವತ್ತಿಂದು" ಎಂದರು. "ಅವತ್ತಿಂದು?"

"ಅದುನ್ನೂ ತಿದ್ದಿ ಬರೀತೀನಿ ಕಣಮ್ಮ" ಎಂದರು ಜವರೇಗೌಡರು ಮೆಲ್ಲಗೆ.

"ಬರ್ಕಂಡ್ರೆ ಪುಸ್ತಕುಕ್ಕೆ ಗೊತ್ತಾಯ್ತದೆ. ಎರಡು ತಿಂಗ್ಳು ಕೂಗಿ ಯೋಳಿದ್ದೀಯ. ಈಗ್ಲೂ ಕೂಗು."

ಜವರೇಗೌಡರು ಒಂದು ಕ್ಷಣ ತಲೆ ತಗ್ಗಿಸಿದರು. ಆಮೇಲೆ ಎದ್ದು ನಿಂತು, ಹೆಗಲ ಮೇಲಿನ ಟವಲ್ಲು ತೆಗೆದು ಬದಿಗಿಟ್ಟು, ಪುಸ್ತಕದ ಹಿಂದಿನ ಹಾಳೆ ತಿರುವಿದರು. ಒಂದೊಂದು ಸೊನ್ನೆಯ ದಿನಕ್ಕೂ ಬೆರಳಿಟ್ಟು, "ನಿಂಗಮ್ಮ, ಮೂರು ಪಾಯಿಂಟು..." ಎಂದು ನಿಲ್ಲಿಸುವರು. ಸಾಲಿನಲ್ಲಿದ್ದವರೆಲ್ಲ, "ಎಂಟು!" ಎನ್ನುವರು. ಮೊದಮೊದಲು ನಗುತ್ತ ಅಂದರು. ಆಮೇಲೆ ಯಾರೂ ನಗಲಿಲ್ಲ, ಗಟ್ಟಿಯಾಗಿ ಅಂದರು. ನಿಂಗಮ್ಮನನ್ನು ನೀರಿನವಳು ಎಂದು ಆಡಿಕೊಂಡ ಬಾಯಿಗಳೇ ಅವೆಲ್ಲ. ನಂಜುಂಡಯ್ಯನವರೂ ನಾನೂ ಅವರ ಜೊತೆ ಸೇರಿ ಕೂಗಿದೆವು.

ನಿಂಗಮ್ಮನ ಕೊನೆಯ ಸೊನ್ನೆಗೆ ಬಂತು, ಹೋದ ಶುಕ್ರವಾರ, ನಾನು ಬಾಯಿ ಮುಚ್ಚಿಕೊಂಡು ಕೂತಿದ್ದ ದಿನ; ಅಲ್ಲಿಂದ ಆಣೆಯ ದಿನದವರೆಗೆ ಅವರು ಹಾಲು ತಂದೇ ಇರಲಿಲ್ಲ. "ನಿಂಗಮ್ಮ, ಮೂರು ಪಾಯಿಂಟು..." ಎಂದು ಜವರೇಗೌಡರು ನಿಲ್ಲಿಸಿದರು. ಈ ಸಲ ಸಾಲಿನಿಂದ ದನಿ ಬರಲಿಲ್ಲ. ಎಲ್ಲರೂ ನಿಂಗಮ್ಮನ ಕಡೆ ತಿರುಗಿದ್ದರು.

ಅವರು ಸೆರಗಿನಿಂದ ಮುಖ ಒರೆಸಿಕೊಂಡರು. "ಎಂಟು" ಎಂದರು, ಕೂಗಲಿಲ್ಲ. ಆಮೇಲೆ ಖಾಲಿ ಕ್ಯಾನು ಎತ್ತಿಕೊಂಡು, "ಸರಿ, ಅಸೂಗೆ ನೀರು ಕುಡಿಸ್ಬೇಕು, ಬತ್ತೀನಿ" ಎಂದು ಜನರ ನಡುವೆ ದಾರಿ ಮಾಡಿಕೊಂಡು ನಡೆದರು. ಜನ ದಾರಿ ಬಿಟ್ಟರು.